ಮದುವೆ ಆಧಾರದ ಗ್ರೀನ್ ಕಾರ್ಡ್ ಇಂಟರ್‌ವ್ಯೂ: ನಮಗೆ ಮದುವೆ ದಿನ ಎರಡಿವೆ, ಯಾವುದನ್ನು ಹೇಳೋದು?

ನಿದ್ದೆಗೆಟ್ಟವಳು:

ಎಲ್ಲರಿಗೂ ನಮಸ್ಕಾರ. ನಮ್ಮ ಗ್ರೀನ್ ಕಾರ್ಡ್ ಇಂಟರ್‌ವ್ಯೂಗೆ ಇನ್ನು ಮೂರೇ ವಾರ ಇದೆ. ನಾನು ಎಚ್-1ಬಿ ಕೆಲಸದ ವೀಸಾ ಮೇಲಿದ್ದೇನೆ. ನನ್ನ ಗಂಡ ಅಮೆರಿಕದ ಸಿಟಿಜನ್, ಹುಟ್ಟಿದ್ದು ನಮ್ಮ ಕಡೆಯೇ, ಕೆಲವು ವರ್ಷದ ಹಿಂದೆ ಇಲ್ಲಿನ ಪೌರತ್ವ ತಗೊಂಡರು. ಮಾರ್ಚ್‌ನಲ್ಲಿ ಇವರು ನನ್ನ ಪರವಾಗಿ ಹಾಕುವ ಐ-130, ನನ್ನ ಗ್ರೀನ್ ಕಾರ್ಡ್ ಅರ್ಜಿ ಐ-485, ಎರಡನ್ನೂ ಒಟ್ಟಿಗೇ ಹಾಕಿದೆವು. ಲಾಯರ್ ಇಲ್ಲ. ಊಟದ ಟೇಬಲ್ ಮೇಲೆ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ನಾವೇ ತುಂಬಿದ್ದು.

ನಮ್ಮ ಸಮಸ್ಯೆ ಏನಂದ್ರೆ ನಮಗೆ ಎರಡು ಸಲ ಮದುವೆ ಆಗಿದೆ. ಒಬ್ಬರನ್ನೊಬ್ಬರೇ ಎರಡು ಸಲ ಮದುವೆಯಾಗಿದ್ದೇವೆ, ಗಾಬರಿ ಬೇಡ. ಕಳೆದ ವರ್ಷ ಜೂನ್‌ನಲ್ಲಿ ಇಲ್ಲೇ ಕೌಂಟಿ ಕ್ಲರ್ಕ್ ಆಫೀಸಿನಲ್ಲಿ, ಹತ್ತು ನಿಮಿಷದ ಕೆಲಸ, ಸಾಕ್ಷಿಗೆ ಗೆಳೆಯರಿಬ್ಬರು. ಆಮೇಲೆ ಈ ವರ್ಷ ಜನವರಿಯಲ್ಲಿ ಊರಿಗೆ ಹೋಗಿ ಎಲ್ಲರ ಮುಂದೆ ಶಾಸ್ತ್ರೋಕ್ತವಾಗಿ. ಅಮ್ಮ, ಅತ್ತೆ ಇಬ್ಬರ ಲೆಕ್ಕದಲ್ಲೂ ನಮ್ಮ ಮದುವೆ ಆಗಿದ್ದು ಜನವರಿಯಲ್ಲೇ. ನನ್ನ ಮನಸ್ಸಿನಲ್ಲೂ ಹಾಗೇ ಕೂತಿದೆ. ಇವರಿಗೆ ಮಾತ್ರ ಜೂನ್. ಮೊನ್ನೆ ಅಭ್ಯಾಸಕ್ಕೆ ಅಂತ ಮೈದುನ ಆಫೀಸರ್ ಥರ ಗಂಭೀರವಾಗಿ ಕೂತು "ನಿಮ್ಮ ಮದುವೆ ಯಾವಾಗ ಆಯ್ತು" ಅಂತ ಕೇಳಿದ. ನಾನು ಜನವರಿ ಅಂದೆ, ಇವರು ಜೂನ್ ಅಂದರು, ಇಬ್ಬರೂ ಒಂದೇ ಸಲಕ್ಕೆ. ಅವನು ಬಿದ್ದು ಬಿದ್ದು ನಕ್ಕ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಭಯ ಇದೆ. ಮದುವೆ ಆದಮೇಲೂ ಐದು ತಿಂಗಳು ನಾನು ಬೇರೆ ರಾಜ್ಯದಲ್ಲಿದ್ದೆ, ಕ್ಲೈಂಟ್ ಕೆಲಸ ಅಲ್ಲಿತ್ತು. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ವಿಮಾನ ಹತ್ತಿ ಬರುತ್ತಿದ್ದೆ. ಜಾಯಿಂಟ್ ಖಾತೆ ತೆರೆದಿದ್ದೇ ಫೆಬ್ರವರಿಯಲ್ಲಿ. ಆಗಸ್ಟ್‌ನಲ್ಲಿ ಮನೆ ಬೇರೆ ಬದಲಾಯಿಸಿದೆವು. ನಮ್ಮದು ಸುಳ್ಳು ಮದುವೆ ಅಂದುಕೊಂಡುಬಿಟ್ಟರೆ?

ಅಲ್ಲಿ ಇಲ್ಲಿ ಓದಿ 140 ಪ್ರಶ್ನೆಗಳ ಪಟ್ಟಿ ಮಾಡಿದ್ದೇನೆ. ಹಲ್ಲುಜ್ಜುವ ಬ್ರಶ್ ಯಾವ ಬಣ್ಣ, ಮಂಚದ ಯಾವ ಕಡೆ ಯಾರು ಮಲಗುತ್ತಾರೆ, ಪರದೆ ಬಣ್ಣ ಏನು, ಹೀಗೆ. ಇವರು ಕೂತು ಓದುವುದೇ ಇಲ್ಲ. "ನಿಜ ಹೇಳಿದ್ರೆ ಆಯ್ತು, ಬಿಡು" ಅಂತಾರೆ. ಯಾರಾದರೂ ಹೋಗಿ ಬಂದವರು ಹೇಳಿ, ನಿಜವಾಗಿ ಏನು ಕೇಳುತ್ತಾರೆ?

ಕಡತಪ್ಪ:

ಮೇಡಂ, ಮೊದಲು ಉಸಿರು ಬಿಡಿ. ನಾನು ಲಾಯರ್ ಅಲ್ಲ, ಆದರೆ ಈ ದಾರಿ ಪೂರ್ತಿ ತುಳಿದವನು.

ತೇದಿ ವಿಷಯ ಸುಲಭ. ಕಾನೂನಿನ ಪ್ರಕಾರ ನಿಮ್ಮ ಮದುವೆ ಆಗಿದ್ದು ಜೂನ್‌ನಲ್ಲಿ. ಕೌಂಟಿ ಕೊಟ್ಟ ಸರ್ಟಿಫಿಕೇಟ್ ಮೇಲೆ ಏನಿದೆಯೋ ಅದೇ ನಿಮ್ಮ ಉತ್ತರ. ಜೂನ್ ಅಂತ ಹೇಳಿ, ಹಿಂದೆಯೇ "ಜನವರಿಯಲ್ಲಿ ಇಂಡಿಯಾದಲ್ಲಿ ಮನೆಯವರ ಮುಂದೆ ಮತ್ತೊಮ್ಮೆ ಮಾಡಿಕೊಂಡೆವು" ಅಂತ ಸೇರಿಸಿ. ಆ ಎರಡನೇ ಮದುವೆ ನಿಮಗೆ ತೊಂದರೆ ಅಲ್ಲ, ಅದೇ ನಿಮ್ಮ ಒಳ್ಳೆ ಪುರಾವೆ. ಎರಡೂ ಕಡೆ ಅಪ್ಪ ಅಮ್ಮ, ಅಜ್ಜಿ, ಚಿಕ್ಕಪ್ಪ ಎಲ್ಲ ಒಂದೇ ಫೋಟೋದಲ್ಲಿ ನಿಂತಿರುತ್ತಾರಲ್ಲ, ಸುಳ್ಳು ಮದುವೆಗೆ ಅಷ್ಟು ಜನರನ್ನು ಯಾರು ಕರೆಸುತ್ತಾರೆ?

ಊರಿನಲ್ಲಿ ಮಾತ್ರ ಮದುವೆಯಾಗಿ ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದವರಿಗೆ ಲೆಕ್ಕ ಬೇರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಶಾಸ್ತ್ರ ಆದ ದಿನವೇ ಮದುವೆ ದಿನ, ನೋಂದಣಿ ಬರೀ ದಾಖಲೆಗೆ. ಆ ಸರ್ಟಿಫಿಕೇಟ್‌ನಲ್ಲಿ ಎರಡು ತೇದಿ ಇರುತ್ತವೆ, ಅರ್ಜಿಯಲ್ಲಿ ನೋಂದಣಿ ತೇದಿ ಬರೆದು ಗೊಂದಲ ಮಾಡಿಕೊಂಡವರು ಇದ್ದಾರೆ. ನಿಮಗೆ ಇದು ಬೇಡ, ಓದುವ ಬೇರೆಯವರಿಗೆ ಹೇಳಿದೆ.

ಈ ತೇದಿಗೆ ಇನ್ನೊಂದು ಕೆಲಸವೂ ಇದೆ. 1986ರಲ್ಲಿ ಮದುವೆ ವಂಚನೆ ತಡೆಯೋಕೆ ಅಂತ ಒಂದು ಕಾನೂನು ಬಂತು. ಅದರಂತೆ ಗ್ರೀನ್ ಕಾರ್ಡ್ ಮಂಜೂರಾದ ದಿನಕ್ಕೆ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ತುಂಬಿದ್ದರೆ ನೇರವಾಗಿ ಹತ್ತು ವರ್ಷದ್ದು. ಇಂಟರ್‌ವ್ಯೂ ದಿನವೂ ಅಲ್ಲ, ಅರ್ಜಿ ಹಾಕಿದ ದಿನವೂ ಅಲ್ಲ, ಮಂಜೂರಾದ ದಿನವೇ ಲೆಕ್ಕ. ನಿಮಗೆ ಯಾವ ತೇದಿ ಹಿಡಿದರೂ ಎರಡು ವರ್ಷ ಆಗಿಲ್ಲ, ಹಾಗಾಗಿ ಚಿಕ್ಕ ಕಾರ್ಡೇ ಬರುತ್ತದೆ. ಅದು ಮುಗಿಯುವ ಹಿಂದಿನ 90 ದಿನದೊಳಗೆ ಇಬ್ಬರೂ ಸೇರಿ ಷರತ್ತು ತೆಗೆಸುವ ಅರ್ಜಿ ಐ-751 ಹಾಕಬೇಕು. ಈಗಲೇ ಕ್ಯಾಲೆಂಡರ್‌ನಲ್ಲಿ ಬರೆದಿಡಿ, ನಾನು ಮರೆಯುವುದರಲ್ಲಿದ್ದೆ, ಹೆಂಡತಿ ನೆನಪಿಸಿದಳು.

ಈಗ ಮುಖ್ಯ ವಿಷಯ. ನಿಮ್ಮ 140 ಪ್ರಶ್ನೆ ಬದಿಗಿಡಿ. ನೀವು ಕಳಿಸಿದ ಐ-485 ಮತ್ತು ಐ-130ರ ಪ್ರತಿ ಇಟ್ಟುಕೊಂಡಿದ್ದೀರಿ ತಾನೆ? ಅದನ್ನು ಮುದ್ರಿಸಿ ಇಬ್ಬರೂ ಅಕ್ಷರ ಅಕ್ಷರ ಓದಿ. ನನ್ನ ಇಂಟರ್‌ವ್ಯೂ ಜಾಸ್ತಿ ಹೊತ್ತು ನಡೆದದ್ದು ಅದರ ಮೇಲೆಯೇ. ನಿಂತು ಬಲಗೈ ಎತ್ತಿ ಪ್ರಮಾಣ ಮಾಡಿಸಿದರು, ಆಮೇಲೆ ಹೆಸರು, ಹುಟ್ಟಿದ ದಿನ, ವಿಳಾಸ, ಕೊನೆಯ ಸಲ ದೇಶದೊಳಗೆ ಬಂದದ್ದು ಯಾವಾಗ, ಯಾವ ವೀಸಾ ಮೇಲೆ, ಆಮೇಲೆ ಆ ಉದ್ದನೆಯ ಹೌದು-ಇಲ್ಲ ಪ್ರಶ್ನೆಗಳು. ಬಂಧನ ಆಗಿದೆಯಾ, ಯಾವತ್ತಾದರೂ ಸುಳ್ಳು ಮಾಹಿತಿ ಕೊಟ್ಟಿದ್ದೀರಾ, ಯಾವುದಾದರೂ ಸಂಘಟನೆಯಲ್ಲಿ ಸದಸ್ಯರಾಗಿದ್ದೀರಾ. ಸಂಘಟನೆ ಪ್ರಶ್ನೆಗೆ ನಮ್ಮವರೆಲ್ಲ ಕಣ್ಣುಮುಚ್ಚಿ "ಇಲ್ಲ" ಅಂತ ಹಾಕುತ್ತಾರೆ, ಆದರೆ ಆ ಪ್ರಶ್ನೆಯಲ್ಲಿ ಕ್ಲಬ್, ಸೊಸೈಟಿ ಎಲ್ಲ ಬರುತ್ತವೆ. ನಾನು ಕನ್ನಡ ಕೂಟದ ಸದಸ್ಯ, ಹೇಳಿದೆ. ಆಫೀಸರ್ ಅದೇನು ಅಂತ ಕೇಳಿದರು, ನಾಟಕ ಆಡುತ್ತೇವೆ ಅಂದೆ, ಮುಂದೆ ಹೋದರು.

ಮೂಲೆಮನೆ ಅಕ್ಕ:

ಕಡತಪ್ಪನವರು ಹೇಳಿದ್ದು ಸರಿ, ಆದರೂ ಪ್ರಶ್ನೆಗಳ ಬಗ್ಗೆ ನನ್ನದೂ ಸ್ವಲ್ಪ ಇದೆ.

ಬ್ರಶ್ ಬಣ್ಣ, ಮಂಚದ ಕಡೆ ಇವೆಲ್ಲ ಎಲ್ಲಿಂದ ಬಂದವು ಗೊತ್ತಾ? ಅನುಮಾನ ಬಂದಾಗ ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳಿ ಉತ್ತರ ಹೋಲಿಸುತ್ತಾರೆ. ಅದಕ್ಕೆ ಸ್ಟೋಕ್ಸ್ ಇಂಟರ್‌ವ್ಯೂ ಅಂತ ಹೆಸರು. ನ್ಯೂಯಾರ್ಕ್‌ನಲ್ಲಿ 1976ರಲ್ಲಿ ಮುಗಿದ ಒಂದು ಕೋರ್ಟ್ ಕೇಸಿನಿಂದ ಬಂದದ್ದು. ಸಾಮಾನ್ಯ ಇಂಟರ್‌ವ್ಯೂನಲ್ಲಿ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ನಮಗೂ ಹಾಗೇ ಆಯಿತು. ಹೇಗೆ ಪರಿಚಯ ಆಯ್ತು, ಯಾರು ಮೊದಲು ಮದುವೆ ಮಾತು ಎತ್ತಿದ್ದು, ಮದುವೆಗೆ ಯಾರ್ಯಾರು ಬಂದಿದ್ದರು, ಬಾಡಿಗೆ ಯಾರ ಖಾತೆಯಿಂದ ಹೋಗುತ್ತದೆ, ಕಳೆದ ಶನಿವಾರ ಏನು ಮಾಡಿದಿರಿ. ಇಷ್ಟೇ. ಬದುಕುತ್ತಿರುವವರಿಗೆ ಇದಕ್ಕೆ ಓದಿಕೊಳ್ಳೋದೇನಿದೆ?

ಆದರೆ ನಮ್ಮವರಿಗೇ ಇರುವ ಒಂದು ಗುಂಡಿ ಹೇಳುತ್ತೇನೆ, ಯಾರೂ ಹೇಳಲ್ಲ. ಆಫೀಸರ್ ನಮ್ಮ ಮನೆಯವರನ್ನು ಕೇಳಿದರು, "ನಿಮ್ಮ ಹೆಂಡತಿಯ ತಾಯಿಯ ಹೆಸರೇನು?" ಇವರು ನನ್ನ ಮುಖ ನೋಡಿದರು. ನಾನು ಮೇಜು ನೋಡಿದೆ. ಆರು ವರ್ಷದಿಂದ ಇವರು ನಮ್ಮಮ್ಮನನ್ನು "ಅತ್ತೆ" ಅಂತ ಬಿಟ್ಟರೆ ಬೇರೆ ಏನೂ ಕರೆದಿಲ್ಲ, ಹೆಸರು ನಾಲಿಗೆಗೆ ಬರಲೇ ಇಲ್ಲ! ಇಷ್ಟರಲ್ಲಿ ಗಾಬರಿಯಾಗಿ ಏನೋ ಒಂದು ಹೆಸರು ಹೇಳಿಬಿಟ್ಟರು, ಅದು ನನ್ನ ದೊಡ್ಡಮ್ಮನ ಹೆಸರು. ಅರ್ಜಿಯಲ್ಲಿ ಬೇರೆ ಹೆಸರು ಇದೆ. ಆಫೀಸರ್ ಪೆನ್ನು ಕೆಳಗಿಟ್ಟರು. ಆಮೇಲೆ ಇವರೇ "ಸಾರಿ, ಊಹಿಸಿ ಹೇಳಿದೆ, ನಮ್ಮಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ" ಅಂತ ವಿವರಿಸಿದರು. ಬಚಾವ್ ಆದೆವು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ. ಊಹೆ ಮಾತ್ರ ಬೇಡ. ಗೊತ್ತಿಲ್ಲ ಅನ್ನುವ ಗಂಡ ಎಲ್ಲ ಮನೆಯಲ್ಲೂ ಇದ್ದಾನೆ, ತಪ್ಪು ಹೇಳುವ ಗಂಡನ ಮೇಲೆ ಅನುಮಾನ ಬರುತ್ತದೆ.

ಹಾಗೆಯೇ ನೀವೂ "ನಮ್ಮೆಜಮಾನರು", "ಇವರು" ಅಂತ ಹೇಳುವವರಾದರೆ ಗಂಡನ ಪೂರ್ತಿ ಹೆಸರನ್ನು ಅರ್ಜಿಯಲ್ಲಿ ಇದ್ದ ಹಾಗೆ, ಇನಿಶಿಯಲ್ ಬಿಡಿಸಿ, ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ನಗಬೇಡಿ.

ತೆಳುಫೈಲು:

ದಾಖಲೆ ಬಗ್ಗೆ ಬರೆಯುತ್ತೇನೆ. ಐದು ತಿಂಗಳು ಬೇರೆ ಊರಿನಲ್ಲಿ ಇದ್ದದ್ದು ತಪ್ಪಲ್ಲ, ಅದನ್ನು ಮುಚ್ಚಿಡೋದು ತಪ್ಪು. ಐ-485ನಲ್ಲಿ ಐದು ವರ್ಷದ ವಿಳಾಸ ಕೇಳಿದ್ದಾರೆ, ಅಲ್ಲಿ ನೀವು ಬೇರೆ ರಾಜ್ಯದ ಮನೆ ಬರೆದಿರುತ್ತೀರಿ. ಐ-130ನಲ್ಲಿ ಇಬ್ಬರೂ ಒಟ್ಟಿಗೆ ವಾಸ ಇದ್ದ ವಿಳಾಸ ಮತ್ತು ಯಾವಾಗಿಂದ ಅಂತ ಕೇಳುತ್ತಾರೆ. ಇವೆರಡೂ ಒಂದಕ್ಕೊಂದು ಹೊಂದಬೇಕು. ವಾರಾಂತ್ಯಕ್ಕೆ ಬಂದು ಹೋಗಿದ್ದನ್ನು ಒಟ್ಟಿಗೆ ವಾಸ ಅಂತ ಬರೆದಿದ್ದರೆ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ವಿಮಾನದ ಟಿಕೆಟ್, ಕಂಪನಿಯ ಪತ್ರ, ಆ ಊರಿನ ಬಾಡಿಗೆ ಕರಾರು ಒಂದು ಕವರ್‌ನಲ್ಲಿ ಹಾಕಿ ಒಯ್ಯಿರಿ. ಕೇಳಿದರೆ ತೆಗೆಯಿರಿ.

ನಾನು ಹೋದಾಗ ಪಕ್ಕದ ಕುರ್ಚಿಯಲ್ಲಿ ಒಬ್ಬರು ಟ್ರಾಲಿ ಬ್ಯಾಗ್ ತುಂಬಾ ಆಲ್ಬಮ್ ತಂದಿದ್ದರು. ನನ್ನದು ಒಂದೇ ಫೈಲು. ಅಲ್ಲಿ ನೋಡುವುದು ನೀವಿಬ್ಬರೂ ಒಂದೇ ಸಂಸಾರ ನಡೆಸುತ್ತಿದ್ದೀರಾ ಅಂತ, ಮೇಕಪ್ ಎಷ್ಟು ಚೆನ್ನಾಗಿತ್ತು ಅಂತ ಅಲ್ಲ. ಇಬ್ಬರ ಹೆಸರಿನ ಬಾಡಿಗೆ ಕರಾರು, ಖಾತೆ ತೆರೆದ ದಿನದಿಂದ ಇವತ್ತಿನವರೆಗಿನ ಸ್ಟೇಟ್‌ಮೆಂಟ್, ಇನ್ಶೂರೆನ್ಸ್‌ನಲ್ಲಿ ಒಬ್ಬರ ಹೆಸರು ಇನ್ನೊಬ್ಬರಿಗೆ ನಾಮಿನಿ ಇರುವುದು, 401ಕೆ ನಿವೃತ್ತಿ ಖಾತೆಯ ನಾಮಿನಿ, ಕಾರ್ ಇನ್ಶೂರೆನ್ಸ್. ಖಾತೆ ಬರೀ ತೆರೆದು 50 ಡಾಲರ್ ಹಾಕಿಟ್ಟರೆ ಉಪಯೋಗ ಇಲ್ಲ, ಬಾಡಿಗೆ, ಕರೆಂಟು, ದಿನಸಿ ಅದರಿಂದ ಹೋಗುತ್ತಿರಬೇಕು. ಫೋಟೋ ಇಪ್ಪತ್ತು ಸಾಕು, ಹಿಂದೆ ದಿನ, ಜಾಗ, ಯಾರ್ಯಾರು ಅಂತ ಬರೆಯಿರಿ. ಕಳಿಸಿದ ಪ್ರತಿಯೊಂದರ ಅಸಲು ಜೊತೆಗಿರಲಿ: ಇಬ್ಬರ ಪಾಸ್‌ಪೋರ್ಟ್, ಯಜಮಾನರ ನ್ಯಾಚುರಲೈಸೇಶನ್ (ಪೌರತ್ವದ) ಸರ್ಟಿಫಿಕೇಟ್, ಮದುವೆ ಸರ್ಟಿಫಿಕೇಟ್, ಇಬ್ಬರಲ್ಲಿ ಯಾರಿಗಾದರೂ ಮುಂಚೆ ಮದುವೆ ಆಗಿದ್ದರೆ ವಿಚ್ಛೇದನದ ಆದೇಶ.

ಮತ್ತೆ ತೆರಿಗೆ! ಇದು ನನ್ನ ಸ್ವಂತ ಪೆಟ್ಟು, ಅದಕ್ಕೇ ಕೂಗುತ್ತಿದ್ದೇನೆ. ನಾವು ಡಿಸೆಂಬರ್ ಕೊನೆಗೆ ಮದುವೆಯಾಗಿದ್ದು. ಫೆಬ್ರವರಿಯಲ್ಲಿ ನನ್ನ ಹೆಂಡತಿ ಹಳೆ ಅಭ್ಯಾಸದಂತೆ ರಿಟರ್ನ್‌ನಲ್ಲಿ "ಸಿಂಗಲ್" ಹಾಕಿಬಿಟ್ಟಳು. ಡಿಸೆಂಬರ್ 31ಕ್ಕೆ ಮದುವೆ ಆಗಿದ್ದರೆ ಆ ಇಡೀ ವರ್ಷಕ್ಕೆ ನೀವು ವಿವಾಹಿತರು, ಜಂಟಿಯಾಗಿಯೋ ಬೇರೆ ಬೇರೆಯಾಗಿಯೋ ಹಾಕಬಹುದು, ಸಿಂಗಲ್ ಅಂತ ಹಾಕುವ ಹಾಗಿಲ್ಲ. ಆಫೀಸರ್ ಆ ಹಾಳೆ ಎತ್ತಿ ಹಿಡಿದು "ನೀವು ಮದುವೆಯಾಗಿದ್ದೀರಿ ಅಂತೀರಿ, ಇಲ್ಲಿ ಹಾಗಿಲ್ಲವಲ್ಲ" ಅಂದರು. ನಮಗೆ ಬೆವರು. ಅವತ್ತು ತೀರ್ಮಾನ ಆಗಲಿಲ್ಲ, ಕಾಗದ ಬಂತು, 1040-ಎಕ್ಸ್ ಹಾಕಿ ತಿದ್ದಿ ಪ್ರತಿ ಕಳಿಸಿದ ಮೇಲೆ ಮಂಜೂರಾಯಿತು. ನಿದ್ದೆಗೆಟ್ಟವಳು ಅವರೇ, ನಿಮ್ಮದು ಜೂನ್ ಮದುವೆ, ಕಳೆದ ವರ್ಷದ ರಿಟರ್ನ್ ಈಗಲೇ ತೆಗೆದು ನೋಡಿ. ಮಾರ್ಚ್‌ನಲ್ಲಿ ಐ-864 (ನಿಮ್ಮನ್ನು ನೋಡಿಕೊಳ್ಳುವಷ್ಟು ಆದಾಯ ಇದೆ ಅಂತ ಯಜಮಾನರು ಕೊಡುವ ಫಾರಂ) ಜೊತೆ ಅದರ ಹಿಂದಿನ ವರ್ಷದ್ದು ಕೊಟ್ಟಿದ್ದರೆ, ಹೊಸದರ ಟ್ರಾನ್ಸ್‌ಕ್ರಿಪ್ಟ್, ಅಂದರೆ ತೆರಿಗೆ ಇಲಾಖೆ ಕೊಡುವ ಪ್ರತಿ, ಒಯ್ಯಬೇಕು. ಯಜಮಾನರ ಇತ್ತೀಚಿನ ಸಂಬಳದ ಚೀಟಿಗಳನ್ನೂ ಇಟ್ಟುಕೊಳ್ಳಿ.

ಹೆಸರಿಲ್ಲದ ಕೂಸು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರೇ ಇಲ್ಲ. ಅಪ್ಪ ಅಮ್ಮನ ಹೆಸರು, ತೇದಿ, "ಹೆಣ್ಣು" ಅಂತ ಅಷ್ಟೇ. ನಾಮಕರಣಕ್ಕೆ ಮುಂಚೆ ಮಾಡಿಸಿದ್ದಂತೆ. ಇದಕ್ಕೇನು ಮಾಡುವುದು?

ತೆಳುಫೈಲು:

ಕೂಸೇ, ಇದು ನಮ್ಮವರಲ್ಲಿ ಮಾಮೂಲು. ನೋಂದಣಿ ಮಾಡಿದ ಕಚೇರಿಯಲ್ಲೇ ಹೆಸರು ಸೇರಿಸಿ ಕೊಡುತ್ತಾರೆ, ಮನೆಯವರು ಯಾರಾದರೂ ಓಡಾಡಿದರೆ ಅದೇ ಒಳ್ಳೆಯದು. ಆಗದಿದ್ದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಶಾಲೆ ದಾಖಲೆ ಇಟ್ಟು, ನೀವು ಹುಟ್ಟಿದ್ದು ಸ್ವತಃ ಗೊತ್ತಿರುವ ಇಬ್ಬರಿಂದ ಅಫಿಡವಿಟ್ ಮಾಡಿಸಿ. ಅಪ್ಪ ಅಮ್ಮ ಕೊಡಬಹುದು. ಗಂಡ ಕೊಡೋ ಹಾಗಿಲ್ಲ, ಅವರು ಅರ್ಜಿಯಲ್ಲಿ ಪಾರ್ಟಿ, ಮತ್ತೆ ನೀವು ಹುಟ್ಟಿದಾಗ ಅವರು ಇದ್ದರಾ?

ನಿದ್ದೆಗೆಟ್ಟವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಿಟರ್ನ್ ನೋಡಿದೆ, ಜಂಟಿಯಾಗಿಯೇ ಹಾಕಿದ್ದಾರೆ, ಒಂದು ಕಲ್ಲು ಇಳಿಯಿತು.

ಇನ್ನೊಂದು ಕಲ್ಲು ಹತ್ತಿತು. ಕಡತಪ್ಪ ಅವರ ಮಾತು ಕೇಳಿ ಅರ್ಜಿ ಪ್ರತಿ ತೆಗೆದು ಓದಿದೆವು. ಐ-130 ಇವರು ತುಂಬಿದ್ದು, ಅದರಲ್ಲಿ ಮದುವೆ ತೇದಿ ಜೂನ್. ಐ-485 ನಾನು ತುಂಬಿದ್ದು. ಅದರಲ್ಲಿ ಜನವರಿ. ಒಂದೇ ಟೇಬಲ್, ಒಂದೇ ದಿನ, ಒಂದೇ ಕವರ್. ಸರ್ಟಿಫಿಕೇಟ್ ಪಕ್ಕದಲ್ಲೇ ಇತ್ತು, ನಾನು ನೋಡದೆ ಮನಸ್ಸಿನಲ್ಲಿದ್ದದ್ದು ಬರೆದುಬಿಟ್ಟೆ. ಈಗೇನು ಗತಿ? ಮತ್ತೆ, ಆಗಸ್ಟ್‌ನಲ್ಲಿ ಮನೆ ಬದಲಾಯಿಸಿದಾಗ ಅಂಚೆ ಕಚೇರಿಯಲ್ಲಿ ಮಾತ್ರ ವಿಳಾಸ ಬದಲಿಸಿದ್ದು. ಅದು ಸಾಕಲ್ವಾ?

ಕಡತಪ್ಪ:

ಅಂಚೆಯವರಿಗೆ ಹೇಳಿದ್ದು ಸಾಲದು. ಸಿಟಿಜನ್ ಅಲ್ಲದವರು ಮನೆ ಬದಲಾಯಿಸಿದ ಹತ್ತು ದಿನದೊಳಗೆ ವಲಸೆ ಇಲಾಖೆ ಯುಎಸ್‌ಸಿಐಎಸ್‌ಗೆ ತಿಳಿಸಬೇಕು, ಎಆರ್-11 ಅಂತಾರೆ, ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ತಡವಾಗಿದೆ, ಆದರೂ ಇವತ್ತೇ ಮಾಡಿ, ದೃಢೀಕರಣದ ಹಾಳೆ ಮುದ್ರಿಸಿ ಇಟ್ಟುಕೊಳ್ಳಿ. ಯಜಮಾನರು ಸಿಟಿಜನ್, ಅವರಿಗೆ ಈ ಎಆರ್-11 ಇಲ್ಲ, ಆದರೆ ಐ-130 ಅವರ ಹೆಸರಿನದು, ಅದರ ವಿಳಾಸವನ್ನೂ ಬದಲಿಸಿ.

ತೇದಿ ತಪ್ಪಿದ್ದಕ್ಕೆ ತಲೆ ಚಚ್ಚಿಕೊಳ್ಳಬೇಡಿ. ಸರ್ಟಿಫಿಕೇಟ್ ನೀವೇ ಕೊಟ್ಟಿದ್ದೀರಿ, ಮುಚ್ಚಿಟ್ಟಿದ್ದೇನೂ ಇಲ್ಲ. ಪ್ರಮಾಣ ಮುಗಿದ ತಕ್ಷಣ, ಅವರು ಆ ಪುಟಕ್ಕೆ ಬರುವ ಮುಂಚೆಯೇ, "ನನ್ನ ಅರ್ಜಿಯಲ್ಲಿ ಒಂದು ತಪ್ಪಿದೆ, ತಿದ್ದಬೇಕು" ಅಂತ ನೀವೇ ಹೇಳಿ. ನನ್ನದರಲ್ಲಿ ನಾಲ್ಕು ತಪ್ಪಿತ್ತು, ಒಂದು ಕಡೆ ನನ್ನ ಹುಟ್ಟಿದ ತಿಂಗಳೇ ತಿರುಗಿ ಹೋಗಿತ್ತು, ನಮ್ಮಲ್ಲಿ ದಿನ ಮುಂದೆ, ಇಲ್ಲಿ ತಿಂಗಳು ಮುಂದೆ ಅಲ್ವಾ. ಆಫೀಸರ್ ಅಲ್ಲೇ ತಿದ್ದಿ ನನ್ನ ಸಹಿ ತಗೊಂಡರು. ಅವರೇ ಹುಡುಕಿ ಕೇಳಿದಾಗ ಹೇಳುವುದಕ್ಕೂ, ನೀವೇ ಮೊದಲು ಹೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಮತ್ತೆ ದಯವಿಟ್ಟು, ಗಂಡನೂ ಜನವರಿ ಅಂತ ಹೇಳಲಿ, ಹೊಂದಿಕೊಳ್ಳಲಿ ಅಂತೆಲ್ಲ ಮಾಡೋಕೆ ಹೋಗಬೇಡಿ. ಇಬ್ಬರೂ ಸೇರಿ ಒಂದು ತಪ್ಪನ್ನು ಕಂಠಪಾಠ ಮಾಡಿದರೆ ಅದು ತಪ್ಪಾಗಿ ಉಳಿಯಲ್ಲ, ಸುಳ್ಳಾಗುತ್ತದೆ. ಪ್ರಮಾಣ ಮಾಡಿ ಕೂತಿರುತ್ತೀರಿ.

ಗಟ್ಟಿದನಿ:

ಎಲ್ಲರೂ ಸಲೀಸು ಸಲೀಸು ಅಂತಿದ್ದೀರಿ, ಒಂದು ಮಾತು ಸೇರಿಸುತ್ತೇನೆ. ಈ ಮೇಡಂ ಸ್ಟೇಟಸ್‌ನಲ್ಲಿದ್ದಾರೆ, ಅಂದರೆ ಕಾನೂನುಬದ್ಧವಾಗಿ ಇಲ್ಲಿದ್ದಾರೆ, ಹಳೆ ತೊಂದರೆ ಏನೂ ಇಲ್ಲ, ಲಾಯರ್ ಇಲ್ಲದೆ ಹೋಗಬಹುದು. ಎಲ್ಲರ ಕತೆ ಹೀಗಿರಲ್ಲ. ವೀಸಾ ಅವಧಿ ಮುಗಿದ ಮೇಲೂ ಉಳಿದಿದ್ದವರು, ಹಳೆಯ ಗಡೀಪಾರು ಆದೇಶ ಇರುವವರು, ಬಂಧನ ಆಗಿದ್ದವರು, ಹಿಂದೆ ಬೇರೆ ಮದುವೆ ಮೇಲೆ ಅರ್ಜಿ ಹಾಕಿದ್ದವರು, ಇವರು ಇಂಟರ್‌ವ್ಯೂಗೆ ಕಾಲಿಡುವ ಮುಂಚೆ ವಲಸೆ ಲಾಯರ್ ಹತ್ತಿರ ಕೂತು ಪೂರ್ತಿ ಕಡತ ತೋರಿಸಬೇಕು. ಇಲ್ಲಿ ಓದಿದ್ದು ಅವರಿಗೆ ಸಾಲದು. ಸುಳ್ಳು ಮದುವೆಗೆ ಐದು ವರ್ಷದವರೆಗೆ ಜೈಲು, 250,000 ಡಾಲರ್‌ವರೆಗೆ ದಂಡ ಇದೆ. ಒಮ್ಮೆ ಆ ಮುದ್ರೆ ಬಿದ್ದರೆ ಮುಂದೆ ನಿಜವಾದ ಮದುವೆ ಆದರೂ ಅದರ ಮೇಲಿನ ಅರ್ಜಿ ಮಂಜೂರಾಗಲ್ಲ.

ಇನ್ನೊಂದು. ಮೆಡಿಕಲ್ ಕವರ್ ಸೀಲ್ ಮಾಡಿ ಇಂಟರ್‌ವ್ಯೂಗೆ ಒಯ್ಯಿರಿ ಅನ್ನುವ ಹಳೆ ಸಲಹೆ ಇನ್ನೂ ಓಡಾಡುತ್ತಿದೆ. 2024ರ ಡಿಸೆಂಬರ್ 2ರಿಂದ ಆ ಮೆಡಿಕಲ್ ಫಾರಂ, ಐ-693ನ್ನು, ಐ-485 ಜೊತೆಗೇ ಹಾಕಬೇಕು. ಹಳೆಯ ವಿಡಿಯೋ ನೋಡಿ ಮತ್ತೆ ಡಾಕ್ಟರ್ ಹತ್ತಿರ ಓಡಬೇಡಿ.

ದೊಡ್ಡಮಗ:

ನನ್ನ ಹೆಂಡತಿಗೆ ಇಂಗ್ಲಿಷ್ ಅರ್ಥ ಆಗುತ್ತದೆ, ಗಾಬರಿಯಾದರೆ ಮಾತು ಹೊರಡಲ್ಲ. ನಾನೇ ಕನ್ನಡದಲ್ಲಿ ಹೇಳಿ ಅನುವಾದ ಮಾಡಬಹುದಾ?

ಮೂಲೆಮನೆ ಅಕ್ಕ:

ಬೇಡ ತಮ್ಮಾ, ನೀನೇ ಅರ್ಜಿದಾರ, ನೀನೇ ಅನುವಾದಕ ಅಂದ್ರೆ ಹೇಗೆ? ಇಂಗ್ಲಿಷ್ ಕನ್ನಡ ಎರಡೂ ಚೆನ್ನಾಗಿ ಬರುವ ಹೊರಗಿನವರನ್ನು ಕರೆದುಕೊಂಡು ಹೋಗು. ಅವರು ಗುರುತಿನ ಚೀಟಿ ತರಬೇಕು, ಜಿ-1256 ಅನ್ನುವ ಫಾರಂಗೆ ಅಲ್ಲೇ ಆಫೀಸರ್ ಮುಂದೆ ಸಹಿ ಹಾಕಬೇಕು. ಲಾಯರ್ ಇದ್ದರೂ ಅವರು ಅನುವಾದ ಮಾಡೋ ಹಾಗಿಲ್ಲ. ಅರ್ಥವಾಗದ ಪ್ರಶ್ನೆಗೆ "ಯೆಸ್" ಅನ್ನಬೇಡ ಅಂತ ಅವಳಿಗೆ ಹೇಳು. ನಮ್ಮವರು ಮರ್ಯಾದೆಗೆ ತಲೆಯಾಡಿಸುತ್ತಾರೆ, ಆ ಹೌದು-ಇಲ್ಲ ಪ್ರಶ್ನೆಗಳಲ್ಲಿ ಅದು ಭಾರಿ ಅಪಾಯ. ಇನ್ನೊಮ್ಮೆ ಹೇಳಿ ಅಂತ ಕೇಳಿದರೆ ಯಾರೂ ಬೈಯಲ್ಲ.

ನಿದ್ದೆಗೆಟ್ಟವಳು:

ಎಆರ್-11 ಆಯಿತು. ಮದುವೆ ತೇದಿ, ಐ-130ರಲ್ಲಿ ಒಟ್ಟಿಗೆ ಇದ್ದ ವಿಳಾಸದ ತಿಂಗಳು, ತಿದ್ದಬೇಕಾದ ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡೆ. ಹೌದು, ತೆಳುಫೈಲು ಅವರೇ, ನೀವು ಹೇಳಿದ ತಪ್ಪನ್ನೂ ಮಾಡಿದ್ದೆವು. 140 ಪ್ರಶ್ನೆಯ ಫೈಲ್ ಅಳಿಸಿದೆ, ಸ್ವಲ್ಪ ಹೊಟ್ಟೆ ಉರಿಯಿತು, ಎರಡು ವಾರ ಕೂತು ಮಾಡಿದ್ದು.

ಇವರು ಈಗ ಎದುರಿಗೇ ಕೂತು ನನ್ನ ಐ-485 ಓದುತ್ತಿದ್ದಾರೆ. ಮೊದಲ ಸಲ. ಈಗಷ್ಟೇ ತಲೆ ಎತ್ತಿ ಕೇಳಿದರು, "ಅತ್ತೆ ಹೆಸರಲ್ಲಿ ಎರಡು ಎಲ್ ಇದೆಯಾ?"